ಬಿಟ್ಟ ದಾರಿ

ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟನು 1915ರಲ್ಲಿ ಪ್ರಕಟಿಸಿದ ‘ದಿ ರೋಡ್ ನಾಟ್ ಟೇಕನ್’ ಎಂಬ ಕವಿತೆಯನ್ನು ಧೈರ್ಯದ ಬೋಧೆಯೆಂದೇ ಹಲವರು ಓದುವರು. ನಾನೂ ಬಹುಕಾಲ ಹಾಗೆಯೇ ಓದಿದೆನು. ಆದರೆ ಕಾಡಿನಲ್ಲಿ ಕವಲೊಡೆದ ಆ ಎರಡು ದಾರಿಗಳೂ ಹೆಚ್ಚುಕಡಿಮೆ ಸಮನಾಗಿಯೇ ಸವೆದಿದ್ದುವೆಂದು ಕವಿಯು ನಡುವೆ ಹೇಳಿಬಿಡುತ್ತಾನೆ. ಭೇದವನ್ನು ಕಲ್ಪಿಸುವುದು, ಮುಂದೆಂದೋ ನಿಟ್ಟುಸಿರಿನೊಡನೆ ಕಥೆ ಹೇಳಲಿರುವ ನೆನಪು.

ಇದರ ಮೂಲವು ಸ್ನೇಹದ ಪರಿಹಾಸ. ಇಂಗ್ಲೆಂಡಿನಲ್ಲಿ ಫ್ರಾಸ್ಟನೊಡನೆ ತಿರುಗಾಡುತ್ತಿದ್ದ ಎಡ್ವರ್ಡ್ ಥಾಮಸನು, ಯಾವ ದಾರಿ ಹಿಡಿದರೂ ಬಿಟ್ಟ ದಾರಿಗಾಗಿ ಹಲುಬುತ್ತಿದ್ದನಂತೆ. ಕವಿತೆಯು ಕೈಸೇರಿದಾಗ ಅವನಿಗೆ ಆ ಹಾಸ್ಯವು ತಿಳಿಯಲಿಲ್ಲ. ಅದೇ ವರ್ಷದ ಜುಲೈಯಲ್ಲಿ ಅವನು ಸೈನ್ಯ ಸೇರಿದನು. 1917ರ ಏಪ್ರಿಲ್ 9ರಂದು ಅರಾಸ್ ಯುದ್ಧದಲ್ಲಿ ಮಡಿದನು. ಕವಿತೆಯೇ ಅವನನ್ನು ರಣಕ್ಕೆ ಕಳುಹಿಸಿತೆನ್ನುವವರುಂಟು. ನನಗದು ಒಪ್ಪಿಗೆಯಿಲ್ಲ. ಹಾಗೆನ್ನುವುದೂ, ಆಗಿಹೋದುದಕ್ಕೆ ಹಿಂದೆಲ್ಲೋ ಒಂದು ಕವಲನ್ನು ಹುಡುಕುವ ಅದೇ ನಿಟ್ಟುಸಿರಲ್ಲವೆ?