ಎಲೆಯ ಲೆಕ್ಕ, ಅತಿಥಿಯ ಲೆಕ್ಕ

ವೈಶಾಖದ ಲಗ್ನಗಳು ಸಮೀಪಿಸಿದೊಡನೆ ಕುಮಟಾ, ಹೊನ್ನಾವರ, ಭಟ್ಕಳ ಸೀಮೆಯ ನಮ್ಮ ಮನೆಗಳಲ್ಲಿ ಊಟದ ವಿಚಾರವೇ ಮೊದಲು ಏಳುತ್ತದೆ. ಪಂಕ್ತಿಯಲ್ಲಿ ಬಡಿಸುವುದೋ, ಮೇಜಿನ ಮೇಲೆ ಎಲೆ ಹಾಕುವುದೋ, ಬಫೆ ಇಡುವುದೋ? ಮೇಲುನೋಟಕ್ಕೆ ಇದು ಖರ್ಚಿನ ಪ್ರಶ್ನೆ. ವಿಚಾರಿಸಿದರೆ ಧರ್ಮದ ಪ್ರಶ್ನೆ.

ಹಿಂದೆ ಅಡುಗೆಭಟ್ಟರು ಸಾಮಾನಿನ ಪಟ್ಟಿ ಬರೆದುಕೊಡುತ್ತಿದ್ದರು. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿಗಳನ್ನು ಮನೆಯವರೇ ತರಿಸುತ್ತಿದ್ದರು. ಹಿಂದಿನ ರಾತ್ರಿ ನೆರೆಯವರು ಕೂಡಿ ತರಕಾರಿ ಹೆಚ್ಚುವರು, ಮರುದಿನ ತರುಣರು ಬಡಿಸುವರು. ಭಟ್ಟರ ಸಂಭಾವನೆಯನ್ನು ಬಿಟ್ಟರೆ ಉಳಿದ ದುಡಿಮೆಯೆಲ್ಲ ಪರಸ್ಪರ ಋಣ. ಮಿಕ್ಕ ಸಾಮಾನು ಮನೆಯಲ್ಲೇ ಉಳಿಯುತ್ತಿತ್ತು.

ಈಗ ಮನೆಯಲ್ಲಿ ಕೈಗಳು ಕಡಿಮೆ. ಮಕ್ಕಳು ಮುಂಬಯಿ, ಬೆಂಗಳೂರು ಸೇರಿದ್ದಾರೆ. ಆದುದರಿಂದ ಎಲೆಗೆ ಇಷ್ಟೆಂದು ಗುತ್ತಿಗೆ ಕೊಡುವುದು ಅನಿವಾರ್ಯವಾಗಿದೆ. ಉದಾಹರಣೆಗೆ, ಎಲೆಯೊಂದಕ್ಕೆ 300 ರೂಪಾಯಿಯಂತೆ 500 ಎಲೆಗೆ ಮಾತಾಗಿ, 430 ಮಂದಿ ಮಾತ್ರ ಉಂಡರೆ, ಯಾರೂ ಉಣ್ಣದ 70 ಎಲೆಗಳಿಗೆ 21,000 ರೂಪಾಯಿ ತೆರಬೇಕು. ಜನ ಹೆಚ್ಚಾದರಂತೂ ಬೇರೆಯೇ ಸಂಕಟ. ಬಾಡದ ಒಂದು ಮದುವೆಯಲ್ಲಿ, ಎಲೆಗಳು ಮಾತಿಗಿಂತ ಮೀರಿದವೆಂದು ಗುತ್ತಿಗೆದಾರನು ಕನ್ಯಾಪಿತೃವಿನ ಕಿವಿಯಲ್ಲಿ ಹೇಳಿದುದನ್ನು ನಾವು ಕಂಡೆವು. ಅಲ್ಲಿಯವರೆಗೆ ಕೈಮುಗಿದು ಕರೆಯುತ್ತಿದ್ದ ಆ ಸಜ್ಜನರು ಮುಂದಿನ ಪಂಕ್ತಿಗೆ ಬಂದವರನ್ನು ಮನಸ್ಸಿನಲ್ಲೇ ಎಣಿಸತೊಡಗಿದರು. ಅವರಲ್ಲಿ ಔದಾರ್ಯದ ಕೊರತೆಯಿರಲಿಲ್ಲ. ಸಾಲ ಮಾಡಿದವರ ಭಯವಿತ್ತು.

ಬಫೆಯಲ್ಲಿ ಬಡಿಸುವವರು ಕಡಿಮೆ ಸಾಕು. ಉಣ್ಣುವವನು ಬೇಕಾದಷ್ಟನ್ನೇ ಹಾಕಿಕೊಳ್ಳಬಹುದು. ಆದರೆ ಯಾವ ಪದಾರ್ಥ ಎಷ್ಟು ಖರ್ಚಾದೀತೆಂದು ತಿಳಿಯದೆ ಎಲ್ಲವನ್ನೂ ಹೆಚ್ಚಾಗಿಯೇ ಬೇಯಿಸಬೇಕಾಗುತ್ತದೆ. ವೃದ್ಧರು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. 2012ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಅಲ್ಲಿಯ ಕಲ್ಯಾಣಮಂಟಪಗಳನ್ನು ಪರಿಶೀಲಿಸಿ, ವರ್ಷಕ್ಕೆ 943 ಟನ್ ಆಹಾರ ಪೋಲಾಗುತ್ತದೆಂದು ಅಂದಾಜಿಸಿದರು. ಎಲೆಯಾಗಲಿ ತಟ್ಟೆಯಾಗಲಿ, ಈ ಪಾಪದಲ್ಲಿ ಎರಡಕ್ಕೂ ಪಾಲಿದೆ.

ಹಾಗೆಂದು ಹಳೆಯ ಪಂಕ್ತಿಯೆಲ್ಲ ನಿರ್ದೋಷವೆಂದು ನಾವು ಹೇಳಲಾರೆವು. ಬಡಿಸಿ ಬಳಲಿದ ಸ್ತ್ರೀಯರು ಕಡೆಯಲ್ಲಿ ತಣ್ಣಗಾದುದನ್ನು ಉಣ್ಣುತ್ತಿದ್ದರು. ಚಪ್ಪರದ ಹೊರಗೆ ಹಸಿದವರು ಎಂಜಲೆಲೆಗಾಗಿ ಕಾಯುತ್ತಿದ್ದುದೂ ಉಂಟು. ಸಂಪ್ರದಾಯವನ್ನು ಹೊಗಳುವಾಗ ಇದನ್ನು ಮರೆಯುವುದು ಸತ್ಯಕ್ಕೆ ಅಪಚಾರ.

ಹಾಗಾದರೆ ನಿರ್ಣಯವೇನು? ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ದಾನವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಪ್ರತ್ಯುಪಕಾರ ಬಯಸದೆ ಕೊಟ್ಟದ್ದು ಸಾತ್ತ್ವಿಕ. ಫಲವನ್ನು ಬಯಸಿ, ಮನಸ್ಸು ನೊಂದು ಕೊಟ್ಟದ್ದು ರಾಜಸ. ಜನರು ಆಡಿಕೊಂಡಾರೆಂದು ಸಾಲ ಮಾಡಿ ಬಡಿಸಿದ ಇಪ್ಪತ್ತು ಭಕ್ಷ್ಯಗಳು ಯಾವ ವರ್ಗಕ್ಕೆ ಸೇರುವುವೆಂದು ಬೇರೆ ಹೇಳಬೇಕಾಗಿಲ್ಲ. ಹಾವೇರಿ ಜಿಲ್ಲೆಯ ಇನ್ನೊಂದು ಬಾಡದಲ್ಲಿ ಜನಿಸಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಇದನ್ನೇ ಬೇರೆ ರೀತಿಯಿಂದ ತಿಳಿಸಿದರು. ಕುಲೀನರ ಧಾನ್ಯವೆಂಬ ಹೆಮ್ಮೆ ನೆಲ್ಲನ್ನು ಕಾಯಲಿಲ್ಲ. ಆರು ತಿಂಗಳ ಸೆರೆಯಲ್ಲಿ ಕೆಡದೆ ಉಳಿದದ್ದು ರಾಗಿ.

ಆದುದರಿಂದ ಗುತ್ತಿಗೆ ಕೊಟ್ಟರೂ ದೋಷವಿಲ್ಲ, ಮೇಜು ಹಾಕಿದರೂ ದೋಷವಿಲ್ಲ. ನೆಲದಲ್ಲಿ ಕೂರಲಾಗದ ಹಿರಿಯರಿಗೆ ಮೇಜೇ ಉಪಚಾರ. ಭಕ್ಷ್ಯಗಳು ಮಿತವಾಗಿರಲಿ, ತೊವ್ವೆ, ಹುಳಿ, ಪಲ್ಯ, ಒಂದು ಪಾಯಸ, ಒಂದು ಸಿಹಿ ದೇವರ ನೈವೇದ್ಯಕ್ಕೆ ಸಾಕಾದರೆ ನಮಗೂ ಸಾಕು. ಕೇಳಿ ಬಡಿಸಲಿ, ಬೇಡವೆಂದವರಿಗೆ ಬಲಾತ್ಕಾರ ಬೇಡ. ಎಂಜಲಾಗದೆ ಮಿಕ್ಕಿದ್ದು ಕೆಡುವ ಮೊದಲೇ ಹಸಿದವರಿಗೆ ಸೇರಲೆಂದು ಗುತ್ತಿಗೆಯ ಮಾತಿನಲ್ಲೇ ನಿಶ್ಚಯಿಸಿಕೊಳ್ಳಲಿ. ಬಡಿಸಿದವರಿಗೂ ಬಿಸಿ ಅನ್ನ ಸಿಗಲಿ.

ಅತಿಥಿಗಳಾದ ನಮಗೂ ಒಂದು ಕರ್ತವ್ಯವಿದೆ. ಎಷ್ಟು ಮಂದಿ ಬರುತ್ತೇವೆಂದು ಮುಂಚೆ ತಿಳಿಸೋಣ. ಮನೆಗೆ ಮರಳಿ ಊಟದ ಗುಣದೋಷ ಎಣಿಸದಿರೋಣ. ನಮ್ಮ ನಾಲಗೆಯ ಭಯವೇ ಆ ತಂದೆಯ ಸಾಲದ ಮೂಲವೆಂಬುದನ್ನು ಮರೆಯಬಾರದು.

ಶ್ರೀಕೃಷ್ಣಾರ್ಪಣಮಸ್ತು.