ಸ್ವಿಂಗ್‌ನ ಲಯ ಮತ್ತು ಕಿವಿಯಲ್ಲಿನ ಮೂರು ಸದ್ದು: ಒಂದು ಮೀಮಾಂಸೆ

ವಿಷಯ

ಗಾಲ್ಫ್ ಸ್ವಿಂಗ್‌ನಲ್ಲಿ ಕ್ಲಬ್ ಹಿಂದಕ್ಕೆ ಏರಲು ಹಿಡಿಯುವ ಕಾಲಕ್ಕೂ ಅಲ್ಲಿಂದ ಇಳಿದು ಚೆಂಡಿಗೆ ತಾಗಲು ಹಿಡಿಯುವ ಕಾಲಕ್ಕೂ ಒಂದು ಪ್ರಮಾಣವಿದೆ. ಟೆಂಪೋ ಎಂದರೆ ಆ ಪ್ರಮಾಣ, ಜೊತೆಗೆ ಒಟ್ಟು ಹಿಡಿದ ಸಮಯ. ಇದನ್ನು ಮೊಬೈಲ್ ಆಪ್ ಇಟ್ಟುಕೊಂಡು ತಿದ್ದಿಕೊಳ್ಳಬಹುದೇ? ಬಹುದು, ಆದರೆ ಆಪ್‌ನ ಅರ್ಧಭಾಗದಿಂದ ಮಾತ್ರ ಎಂಬುದು ನನ್ನ ಪಕ್ಷ. ಇಂಥ ಆಪ್‌ಗಳು ಕಿವಿಗೆ ಸದ್ದು ಕೊಡುತ್ತವೆ, ಕಣ್ಣಿಗೆ ಅಂಕ ಕೊಡುತ್ತವೆ. ಸದ್ದನ್ನು ನಂಬಬಹುದು, ಅಂಕವನ್ನು ಅನುಮಾನದಿಂದಲೇ ನೋಡಬೇಕು. ನಮ್ಮ ಆಟಗಾರರಲ್ಲಿ ಬಹಳಷ್ಟು ಮಂದಿ ನಡೆದುಕೊಳ್ಳುವುದು ಇದಕ್ಕೆ ತದ್ವಿರುದ್ಧವಾಗಿ: ಸದ್ದನ್ನು ಎರಡು ದಿನ ಕೇಳಿ ಬಿಡುತ್ತಾರೆ, ಅಂಕವನ್ನು ವರ್ಷಗಟ್ಟಲೆ ಬೆನ್ನಟ್ಟುತ್ತಾರೆ.

ಅಮೆರಿಕದ ಜಾನ್ ನೊವೊಸೆಲ್ ವೃತ್ತಿಪರ ಆಟಗಾರರ ವಿಡಿಯೊಗಳನ್ನು ಫ್ರೇಮ್ ಫ್ರೇಮ್ ಆಗಿ ಎಣಿಸಿದರು. ಕಂಡದ್ದನ್ನು ಪತ್ರಕರ್ತ ಜಾನ್ ಗ್ಯಾರಿಟಿ ಜೊತೆ ಸೇರಿ 2004ರಲ್ಲಿ ‘ಟೂರ್ ಟೆಂಪೋ’ ಎಂಬ ಪುಸ್ತಕವಾಗಿ ತಂದರು. ಅಲ್ಲಿನ ವಿಡಿಯೊದಲ್ಲಿ ಸೆಕೆಂಡಿಗೆ 30 ಫ್ರೇಮ್. ಏರಿಕೆಗೆ 21 ಫ್ರೇಮ್ ಹಿಡಿದವರಿಗೆ ಇಳಿಕೆಗೆ 7. 24 ಹಿಡಿದವರಿಗೆ 8. 27 ಹಿಡಿದವರಿಗೆ 9. ಯಾವುದನ್ನು ತೆಗೆದುಕೊಂಡರೂ ಪ್ರಮಾಣ ಮೂರಕ್ಕೆ ಒಂದು. ಒಟ್ಟು ಸಮಯ ಕ್ರಮವಾಗಿ 0.93, 1.07 ಮತ್ತು 1.2 ಸೆಕೆಂಡ್.

ಪ್ರಮಾಣಕ್ಕಿಂತ ಈ ಒಟ್ಟು ಸಮಯವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ನಮ್ಮ ಯಾವ ಕೋರ್ಸ್‌ಗೆ ಹೋದರೂ, ಚೆಂಡು ಪೊದೆಗೆ ಬಿದ್ದ ತಕ್ಷಣ ಕೇಳುವ ಮಾತು ‘ಮೆಲ್ಲಗೆ ಸಾರ್, ಮೆಲ್ಲಗೆ’ ಎಂಬುದೇ. ಪಾಪದ ಆಟಗಾರ ಕ್ಲಬ್ಬನ್ನು ಇನ್ನಷ್ಟು ನಿಧಾನವಾಗಿ ಹಿಂದಕ್ಕೆ ಒಯ್ಯುತ್ತಾನೆ, ಮೇಲೆ ಹೋಗುವಷ್ಟರಲ್ಲಿ ಆವೇಗವೆಲ್ಲ ಸತ್ತಿರುತ್ತದೆ, ಇಳಿಕೆಯಲ್ಲಿ ತೋಳಿನ ಬಲದಿಂದ ಎಳೆಯುತ್ತಾನೆ. ಟಿವಿಯಲ್ಲಿ ಅರ್ನಿ ಎಲ್ಸ್ ಆಡುವುದನ್ನು ಕಂಡವರಿಗೆ ಅವರ ಸ್ವಿಂಗ್ ಸೋಮಾರಿತನದಂತೆ ಕಾಣುತ್ತದೆ. ಅವರಿಗೆ ‘ಬಿಗ್ ಈಸಿ’ ಎಂಬ ಅಡ್ಡಹೆಸರು ಬಂದದ್ದೂ ಹಾಗೆಯೇ. ಆದರೆ ಸೊಗಸಿನ ಸ್ವಿಂಗ್ ಎಲ್ಲವೂ ಒಂದು ಸೆಕೆಂಡಿನ ಆಸುಪಾಸಿನಲ್ಲೇ ಮುಗಿದಿರುತ್ತದೆ. ನಮ್ಮ ಕಣ್ಣು ಹದವನ್ನು ನಿಧಾನವೆಂದು ಓದಿಕೊಳ್ಳುತ್ತದೆ.

ಟೂರ್ ಟೆಂಪೋ ಹೆಸರಿನಲ್ಲೇ ಆಪ್ ಇದೆ, ಅದನ್ನು ಹೋಲುವ ಬೇರೆಯವೂ ಇವೆ. ಕೆಲಸ ಸರಳ: ಮೂರು ಸದ್ದು. ಮೊದಲನೆಯದಕ್ಕೆ ಕ್ಲಬ್ ಹೊರಡಬೇಕು, ಎರಡನೆಯದಕ್ಕೆ ದಿಕ್ಕು ತಿರುಗಬೇಕು, ಮೂರನೆಯದಕ್ಕೆ ಚೆಂಡು ಹೊಡೆದಿರಬೇಕು. ಇದೇ ಲೆಕ್ಕ ಗಾರ್ಮಿನ್‌ನ ಗಾಲ್ಫ್ ಕೈಗಡಿಯಾರಗಳಿಗೂ ಹೋಗಿದೆ. ಅವೂ ಮೂರಕ್ಕೆ ಒಂದನ್ನೇ ಆದರ್ಶವೆಂದು ತೋರಿಸುತ್ತವೆ.

ಪೂರ್ವಪಕ್ಷಗಳು

ಮೊದಲ ಆಕ್ಷೇಪ ಹಿರಿಯರದು. ಲಯ ಮನುಷ್ಯನ ಸ್ವಭಾವಕ್ಕೆ ಸೇರಿದ್ದು. ದುಡುಕಿನವನು ದುಡುಕಿ ಹೊಡೆಯುತ್ತಾನೆ, ಶಾಂತನು ಶಾಂತವಾಗಿ ಹೊಡೆಯುತ್ತಾನೆ, ಯಂತ್ರ ಇದನ್ನು ಹೇಗೆ ಕಲಿಸೀತು? ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು, 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅವರ ಕಿವಿಯಲ್ಲಿ ಯಾವ ಆಪ್ ಇತ್ತು?

ಈ ಉದಾಹರಣೆ ಆಕ್ಷೇಪಕ್ಕಿಂತ ನನ್ನ ಪಕ್ಷಕ್ಕೇ ಹೆಚ್ಚು ನೆರವಾಗುತ್ತದೆ. ಕ್ಯಾಡಿಯ ಕೆಲಸವೇ ಸ್ವಿಂಗ್‌ನ ಪಕ್ಕದಲ್ಲಿ ನಿಲ್ಲುವುದು. ಕ್ಲಬ್ ಗಾಳಿ ಸೀಳುವ ಸದ್ದು, ಚೆಂಡು ತಾಗಿದ ಸದ್ದು, ಎರಡರ ನಡುವಿನ ಅಂತರ ಇವೆಲ್ಲ ದಿನವಿಡೀ ಅವನ ಕಿವಿಗೆ ಬೀಳುತ್ತವೆ, ಒಳ್ಳೆಯವೂ ಕೆಟ್ಟವೂ. ಹೀಗೆ ಕಿವಿಯಿಂದ ಬರುವ ಪಾಠ, ಭಾನುವಾರ ಬೆಳಿಗ್ಗೆ ಮಾತ್ರ ಬರುವ ಆಫೀಸಿನ ಆಟಗಾರನಿಗೆ ಸಿಗುವುದಿಲ್ಲ. ಆಪ್ ಮಾಡುವುದು ಆ ಕೊರತೆಯ ಒಂದಂಶವನ್ನು ತುಂಬುವ ಕೆಲಸ. ಇನ್ನು ಸ್ವಭಾವದ ಮಾತು: 21/7 ರಿಂದ 27/9 ರವರೆಗೆ ಮೂರು ವೇಗಗಳಿರುವುದೇ ಅದಕ್ಕೆ. ಚುರುಕಿನವನು ಮೊದಲನೆಯದನ್ನು ಆರಿಸಿಕೊಳ್ಳಲಿ, ಸಾವಧಾನಿ ಕೊನೆಯದನ್ನು.

ಎರಡನೆಯದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ವೃತ್ತಿಪರರಲ್ಲಿ ಮೂರಕ್ಕೆ ಒಂದು ಕಂಡಿತು, ಸರಿ. ಅದು ಚೆನ್ನಾಗಿ ಆಡಲು ಕಾರಣವೋ, ಚೆನ್ನಾಗಿ ಆಡುವುದರ ಫಲವೋ? ಅವರ ಬೆನ್ನು, ಸೊಂಟ, ಮಣಿಕಟ್ಟು ವರ್ಷಾನುಗಟ್ಟಲೆ ಹದಗೊಂಡು ಆ ಪ್ರಮಾಣ ತಾನಾಗಿ ಬಂದಿರಬಹುದು. ಫಲವನ್ನು ಹೊರಗಿನಿಂದ ನಕಲು ಮಾಡಿದರೆ ಕಾರಣ ಹುಟ್ಟುತ್ತದೆಯೇ? ಮೇಲಾಗಿ, 2021ರಲ್ಲಿ ಮಾಸ್ಟರ್ಸ್ ಗೆದ್ದ ಹಿದೆಕಿ ಮತ್ಸುಯಾಮ ಸ್ವಿಂಗ್‌ನ ತುದಿಯಲ್ಲಿ ಕಣ್ಣಿಗೆ ಕಾಣುವಷ್ಟು ತಡೆಯುತ್ತಾರಲ್ಲ?

ಇದಕ್ಕೆ ಅರ್ಧ ಉತ್ತರವಿದೆ, ಅರ್ಧ ಒಪ್ಪಿಗೆ. ಯೇಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರಾಬರ್ಟ್ ಗ್ರೋಬರ್, ಯಾಸೆಕ್ ಖೊಲೆವಿಟ್ಸ್ಕಿ ಜೊತೆ ಸೇರಿ 2006ರಲ್ಲಿ ಒಂದು ವಿವರಣೆ ಮುಂದಿಟ್ಟರು. ಮೈ ಮತ್ತು ಕ್ಲಬ್ ಸೇರಿದ ಒಟ್ಟು ರಾಶಿಗೆ ತಿರುಗುವಾಗ ಒಂದು ಜಡತ್ವವಿದೆ, ತಿರುಚಿಕೊಂಡ ಮೈಗೆ ಮರಳಿ ಬರುವ ಸ್ಥಿತಿಸ್ಥಾಪಕ ಗುಣವಿದೆ. ಇವೆರಡೂ ಸೇರಿದ ವ್ಯವಸ್ಥೆಗೆ ತನ್ನದೇ ಆದ ಆಂದೋಲನದ ಅವಧಿ ಇರುತ್ತದೆ. ಒಟ್ಟು ಸಮಯ, ಏರಿಕೆ ಇಳಿಕೆಗಳ ಪ್ರಮಾಣ, ಹೊಡೆತದ ದೂರ ಬದಲಾದರೂ ಟೆಂಪೋ ಅಷ್ಟಾಗಿ ಬದಲಾಗದಿರುವುದು, ಈ ಮೂರನ್ನೂ ಅವರು ಮೈಯೊಳಗಿನ ಈ ಗಡಿಯಾರದಿಂದ ವಿವರಿಸುತ್ತಾರೆ. ಹಾಗಾದರೆ ಮೂರಕ್ಕೆ ಒಂದು ಎಂಬುದು ಮೈಯ ರಚನೆಗೆ ಹತ್ತಿರದ ಸಂಗತಿ. ನಿಧಾನವಾಗಿ ಎಳೆದು ನಿಲ್ಲಿಸುವವನು ಆ ಸ್ಥಿತಿಸ್ಥಾಪಕತೆಯನ್ನು ಸೋರಿಹೋಗಲು ಬಿಡುತ್ತಾನೆ, ಇಳಿಕೆಯಲ್ಲಿ ಅದರ ಬದಲು ಬರಿಯ ಬಲ ಹಾಕುತ್ತಾನೆ. ಇದು ಉತ್ತರ.

ಒಪ್ಪಿಗೆ ಇಷ್ಟು: ಪ್ರಮಾಣ ತಿದ್ದಿಕೊಂಡರೆ ಸ್ಕೋರ್ ಇಳಿದೇ ಇಳಿಯುತ್ತದೆ ಎಂಬುದು ಈ ವಿವರಣೆಯಿಂದ ಸಿದ್ಧವಾಗುವುದಿಲ್ಲ. ಮತ್ಸುಯಾಮರಂಥವರು ಇದ್ದಾರೆ, ಹೊಡೆತದಿಂದ ಹೊಡೆತಕ್ಕೆ ತಮ್ಮದೇ ಕಾಲವನ್ನು ಕಾಯ್ದುಕೊಳ್ಳುವವರು ಅವರು. ಹೀಗಾಗಿ 3.0 ಎಂಬ ಸಂಖ್ಯೆಗಿಂತ, ಪ್ರತಿ ಹೊಡೆತದಲ್ಲೂ ಒಂದೇ ಕಾಲ ಬರುವುದು ದೊಡ್ಡದು. ಸಂಖ್ಯೆ ಮುಟ್ಟಿದ ಮಾತ್ರಕ್ಕೆ ಕೌಶಲ ಬರುತ್ತದೆ ಎಂದು ಮಾರುವ ಆಪ್ ಅತಿಶಯೋಕ್ತಿ ಆಡುತ್ತಿದೆ.

ಮೂರನೆಯ ಆಕ್ಷೇಪ: ಸದ್ದು ಕೇಳಿ ಮೈ ಅಲ್ಲಾಡಿಸುವಷ್ಟರಲ್ಲಿ ತಡವಾಗಿರುತ್ತದೆ. ಸದ್ದಿಗೆ ಪ್ರತಿಕ್ರಿಯೆ ತೋರಲು ಮನುಷ್ಯನಿಗೆ ಸೆಕೆಂಡಿನ ಏಳರಲ್ಲಿ ಒಂದು ಭಾಗವಾದರೂ ಬೇಕು. ಇಡೀ ಇಳಿಕೆಯೇ ಕಾಲು ಸೆಕೆಂಡಿನಷ್ಟಿರುವಾಗ, ಆಪ್ ಹಿಂದೆ ಓಡುವವನು ಸದಾ ಹಿಂದುಳಿಯುತ್ತಾನೆ.

ಒಂದೇ ಒಂದು ಸಲ ಸದ್ದು ಬಂದರೆ ಈ ಮಾತು ನಿಜ. ಆದರೆ ಆಪ್ ಆ ಮೂರು ಸದ್ದನ್ನು ಮತ್ತೆ ಮತ್ತೆ ಅದೇ ಅಂತರದಲ್ಲಿ ನುಡಿಸುತ್ತದೆ. ಸಂಗೀತ ಪಾಠದ ಹುಡುಗಿ ತಾಳ ಹಾಕುವಾಗ ಪೆಟ್ಟು ಕೇಳಿಸಿದ ಮೇಲೆ ಕೈ ಎತ್ತುವುದಿಲ್ಲ, ಪೆಟ್ಟು ಎಲ್ಲಿ ಬೀಳುವುದೆಂದು ಅವಳಿಗೆ ಮೊದಲೇ ಗೊತ್ತು. ಬೆರಳು ತಟ್ಟುವ ಪ್ರಯೋಗಗಳಲ್ಲಿ ಜನ ಸಾಮಾನ್ಯವಾಗಿ ಸದ್ದಿಗಿಂತ ಕೊಂಚ ಮೊದಲೇ ತಟ್ಟುತ್ತಾರೆ, ಅದೂ ಸೆಕೆಂಡಿನ ನೂರರಲ್ಲಿ ಕೆಲವು ಭಾಗದಷ್ಟು. ಹಾಗಾಗಿ ಮೊದಲ ಕೆಲವು ಸುತ್ತು ಕ್ಲಬ್ ಎತ್ತದೆ ಸುಮ್ಮನೆ ಕೇಳಬೇಕು. ಇದನ್ನು ಯಾರೂ ಮಾಡುವುದಿಲ್ಲ. ಆಪ್ ತೆರೆದ ಕೂಡಲೇ ಚೆಂಡಿನ ಮುಂದೆ ನಿಲ್ಲುತ್ತಾರೆ, ಆಮೇಲೆ ‘ತುಂಬಾ ಫಾಸ್ಟ್’ ಎಂದು ದೂರುತ್ತಾರೆ.

ಬ್ಲೂಟೂತ್ ಇಯರ್‌ಫೋನಿನಲ್ಲಿ ಸದ್ದು ತಡವಾಗಿ ಬರುತ್ತದಲ್ಲ ಎಂದು ಕೇಳುವ ಎಂಜಿನಿಯರ್‌ಗಳು ಬೆಂಗಳೂರಿನ ಡ್ರೈವಿಂಗ್ ರೇಂಜ್‌ನಲ್ಲಿ ಧಾರಾಳವಾಗಿ ಸಿಗುತ್ತಾರೆ. ಮೂರು ಸದ್ದೂ ಒಂದೇ ಸಮ ತಡವಾಗುವುದರಿಂದ ನಡುವಿನ ಅಂತರ ಕೆಡುವುದಿಲ್ಲ. ಕ್ಲಬ್ಬಿನ ವೇಗವನ್ನು ಆಗಲೇ ಸದ್ದಾಗಿ ಮಾರ್ಪಡಿಸಿ ಕೇಳಿಸುವ ಉಪಕರಣಗಳಲ್ಲಿ ಮಾತ್ರ ಆ ತಡ ದೋಷವೇ ಸರಿ.

ಅಂಕದ ಪರೀಕ್ಷೆ

ನಾಲ್ಕನೆಯ ಆಕ್ಷೇಪ ಆಪ್ ಕೊಡುವ ಅಳತೆ ನಂಬಲರ್ಹವಲ್ಲ ಎಂಬುದು. ಇದಕ್ಕೆ ನನ್ನಲ್ಲಿ ಖಂಡನೆ ಇಲ್ಲ, ಸಮರ್ಥನೆಯೇ ಇದೆ.

ಸೆಕೆಂಡಿಗೆ 30 ಫ್ರೇಮ್‌ನ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ 33 ಮಿಲಿಸೆಕೆಂಡ್. 24/8 ಎಂದು ಇರಬೇಕಾದ ಸ್ವಿಂಗ್‌ನಲ್ಲಿ ಇಳಿಕೆಯ ಎಣಿಕೆ ಒಂದೇ ಒಂದು ಫ್ರೇಮ್ ಹೆಚ್ಚಾದರೆ ಪ್ರಮಾಣ 2.67ಕ್ಕೆ ಇಳಿಯುತ್ತದೆ, ಒಂದು ಕಡಿಮೆಯಾದರೆ 3.43ಕ್ಕೆ ಏರುತ್ತದೆ. ಸ್ವಿಂಗ್ ಬದಲಾಗಿಲ್ಲ, ಎಣಿಕೆ ಮಾತ್ರ ಬದಲಾಗಿದೆ. ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಫೋನಿನಲ್ಲಿ ಅದೇ ಸ್ವಿಂಗ್ 192ಕ್ಕೆ 64. ಒಂದು ಫ್ರೇಮ್ ಆಚೀಚೆಯಾದರೂ 2.95ರಿಂದ 3.05ರೊಳಗೆ ಇರುತ್ತದೆ. ಹೀಗಿದ್ದೂ ಅಲ್ಲೊಂದು ಬಲೆ ಇದೆ. ಕೆಲವು ಫೋನ್‌ಗಳು ಸ್ಲೋ ಮೋಷನ್ ವಿಡಿಯೊದ ಆರಂಭ ಮತ್ತು ಕೊನೆಯನ್ನು ಮಾಮೂಲಿ ವೇಗದಲ್ಲಿಟ್ಟು, ನಡುವನ್ನು ಮಾತ್ರ ನಿಧಾನಿಸುತ್ತವೆ. ಏರಿಕೆಯ ಮೊದಲ ಭಾಗ ಮಾಮೂಲಿ ವೇಗಕ್ಕೆ ಸೇರಿಬಿಟ್ಟರೆ ಪ್ರಮಾಣ ಕೆಟ್ಟಿತು. ಮುಂಜಾನೆಯ ಮಬ್ಬಿನಲ್ಲಿ ತಾನಾಗಿ ಫ್ರೇಮ್ ಕಡಿಮೆ ಮಾಡಿಕೊಳ್ಳುವ ಫೋನ್‌ಗಳೂ ಇವೆ.

ಇದಕ್ಕಿಂತ ಆಳದ ತೊಡಕು ಇನ್ನೊಂದಿದೆ: ಸ್ವಿಂಗ್ ಎಲ್ಲಿ ಶುರುವಾಯಿತು, ಎಲ್ಲಿ ತಿರುಗಿತು? ಚೆಂಡಿನ ಮುಂದೆ ಕ್ಲಬ್ಬನ್ನು ಅತ್ತಿತ್ತ ಆಡಿಸುವ ಅಭ್ಯಾಸವಿದ್ದವನಲ್ಲಿ ಮೊದಲ ಫ್ರೇಮ್ ಯಾವುದೆಂದು ಇಬ್ಬರು ಎಣಿಸಿದರೆ ಎರಡು ಉತ್ತರ ಬರುತ್ತದೆ. ತುದಿಯೂ ಹಾಗೆಯೇ. ಒಳ್ಳೆಯ ಆಟಗಾರನಲ್ಲಿ ಕ್ಲಬ್ಬಿನ ತಲೆ ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ಸೊಂಟ ಮುಂದಕ್ಕೆ ಹೊರಟಿರುತ್ತದೆ. ಕೈಗಡಿಯಾರದ ಸೆನ್ಸರ್‌ಗೆ ಗೊತ್ತಾಗುವುದು ಮಣಿಕಟ್ಟು ತಿರುಗಿದ ಕ್ಷಣ, ವಿಡಿಯೊದಲ್ಲಿ ಕಾಣುವುದು ಕ್ಲಬ್ಬಿನ ತಲೆ ತಿರುಗಿದ ಕ್ಷಣ. ಎರಡೂ ಪ್ರಾಮಾಣಿಕವಾಗಿಯೇ ಬೇರೆ ಬೇರೆ ಸಂಖ್ಯೆ ಕೊಡುತ್ತವೆ. ಗಡಿಯಾರದ 2.8ನ್ನು ಗೆಳೆಯನ ಆಪ್‌ನ 3.1ರ ಜೊತೆ ಹೋಲಿಸಿ ಕೊರಗುವವರಿಗೆ ಇಷ್ಟೇ ಹೇಳಬೇಕು: ನೀವು ಬೇರೆ ಬೇರೆ ವಸ್ತುಗಳನ್ನು ಅಳೆಯುತ್ತಿದ್ದೀರಿ. ಒಂದೇ ಉಪಕರಣದಲ್ಲಿ ನಿನ್ನೆಯ ನಿಮಗೂ ಇಂದಿನ ನಿಮಗೂ ಹೋಲಿಕೆ ನಡೆಯುತ್ತದೆ, ಅದರಾಚೆ ಇಲ್ಲ. ಸದ್ದಿನಲ್ಲಿ ಈ ತೊಡಕೇ ಇಲ್ಲ, ಏಕೆಂದರೆ ಸದ್ದು ಅಳೆಯುವುದಿಲ್ಲ, ಕಾಲವನ್ನು ಹಾಕಿಕೊಡುತ್ತದೆ.

ಊರುಗೋಲಿನ ಆಕ್ಷೇಪ

ಐದನೆಯದು: ಸದ್ದಿಗೆ ಒಗ್ಗಿದವನು ಸದ್ದಿಲ್ಲದೆ ಆಡಲಾರ. ಸ್ಪರ್ಧೆಯಲ್ಲಂತೂ ಸದ್ದಿಗೆ ಅವಕಾಶವೇ ಇಲ್ಲ. 2019ರಿಂದ ಜಾರಿಯಲ್ಲಿರುವ ಗಾಲ್ಫ್ ನಿಯಮಗಳ 4.3ನೆಯ ನಿಯಮದಂತೆ, ಸ್ವಿಂಗ್ ಟೆಂಪೋಗೆ ನೆರವಾಗುವ ಸಂಗೀತ ಅಥವಾ ಸದ್ದನ್ನು ಸುತ್ತಿನ ನಡುವೆ ಕೇಳುವಂತಿಲ್ಲ. ಸ್ಟ್ರೋಕ್ ಪ್ಲೇನಲ್ಲಿ ಮೊದಲ ತಪ್ಪಿಗೆ ಎರಡು ಸ್ಟ್ರೋಕ್ ದಂಡ, ಮತ್ತೆ ಮಾಡಿದರೆ ಸ್ಪರ್ಧೆಯಿಂದಲೇ ಹೊರಗೆ.

ಚಲನೆಯ ಕಲಿಕೆಯನ್ನು ಅಧ್ಯಯನ ಮಾಡುವವರು 1980ರ ದಶಕದಿಂದಲೂ ಈ ಭಯ ನಿಜವೆಂದೇ ಹೇಳುತ್ತ ಬಂದಿದ್ದಾರೆ: ಪ್ರತಿ ಪ್ರಯತ್ನಕ್ಕೂ ಹೊರಗಿನ ನೆರವು ಸಿಕ್ಕರೆ ಅಭ್ಯಾಸದ ವೇಳೆ ಆಟ ಸುಧಾರಿಸಿದಂತೆ ಕಾಣುತ್ತದೆ, ನೆರವು ತೆಗೆದಾಗ ಕುಸಿಯುತ್ತದೆ. ಪರಿಹಾರವೂ ಅದರಲ್ಲೇ ಇದೆ. ಆರಂಭದಲ್ಲಿ ಸದ್ದಿನೊಂದಿಗೆ ಚೆಂಡಿಲ್ಲದ ಸ್ವಿಂಗ್, ನಂತರ ಚೆಂಡಿನೊಂದಿಗೆ, ಆಮೇಲೆ ಒಂದು ಹೊಡೆತ ಸದ್ದಿನಲ್ಲಿ ಒಂದು ಮೌನದಲ್ಲಿ, ಕೊನೆಗೆ ಮೌನದಲ್ಲೇ ಆಡಿ ಪರೀಕ್ಷೆಗೆ ಮಾತ್ರ ಆಪ್. ನೆರವು ತೆಗೆಯಬೇಕಾದ ವೇಳಾಪಟ್ಟಿಯನ್ನು ಆಪ್ ತಾನಾಗಿ ಹಾಕಿಕೊಡುವುದು ಅಪರೂಪ. ಬಳಕೆದಾರ ದಿನವೂ ಬರಬೇಕೆಂಬುದೇ ಅದರ ವ್ಯಾಪಾರ. ಆ ಕೆಲಸ ಆಟಗಾರನೇ ಮಾಡಿಕೊಳ್ಳಬೇಕು.

ಅಂಗ ಯಾವುದು, ಪ್ರಧಾನ ಯಾವುದು

ಇನ್ನೊಂದು ಆಕ್ಷೇಪ ಚಿಕ್ಕದು, ಹರಿತವಾದದ್ದು. ಕ್ಲಬ್ ಮತ್ತು ಚೆಂಡು ಒಂದನ್ನೊಂದು ಮುಟ್ಟಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗ ಮಾತ್ರ. ಆ ಹೊತ್ತಿನಲ್ಲಿ ಕ್ಲಬ್ಬಿನ ಮುಖ ಎತ್ತ ನೋಡುತ್ತಿತ್ತು, ಯಾವ ಹಾದಿಯಲ್ಲಿ ಸಾಗುತ್ತಿತ್ತು, ಚೆಂಡು ಮುಖದ ಯಾವ ಭಾಗಕ್ಕೆ ತಾಗಿತು, ಎಷ್ಟು ವೇಗದಲ್ಲಿ ತಾಗಿತು ಎಂಬುದಷ್ಟೇ ಚೆಂಡಿಗೆ ಗೊತ್ತು. ಟೆಂಪೋ ಚೆಂಡಿಗೆ ಗೊತ್ತಿಲ್ಲ.

ನಿಜ. ಮೀಮಾಂಸಕರು ಯಾಗದ ವಿಷಯದಲ್ಲಿ ಅಂಗವನ್ನೂ ಪ್ರಧಾನವನ್ನೂ ಬೇರ್ಪಡಿಸುತ್ತಾರೆ. ಅಂಗಕ್ಕೆ ಸ್ವಂತ ಫಲವಿಲ್ಲ, ಪ್ರಧಾನಕ್ಕೆ ಉಪಕಾರ ಮಾಡುವುದರಲ್ಲೇ ಅದರ ಸಾರ್ಥಕ್ಯ. ಟೆಂಪೋ ಅಂಥ ಅಂಗ. ಮುಖವನ್ನು ನೇರ ಮಾಡುವುದು ಅದರ ಕೆಲಸವಲ್ಲ, ಮುಖ ಪ್ರತಿಸಲ ಒಂದೇ ಹೊತ್ತಿಗೆ ಅಲ್ಲಿಗೆ ಬರುವಂತೆ ನೋಡಿಕೊಳ್ಳುವುದು ಮಾತ್ರ. ಹಿಡಿತ ತಪ್ಪಾಗಿರುವವನಿಗೆ ಆಪ್ ಕೊಟ್ಟರೆ ಅವನು ಒಂದೇ ಲಯದಲ್ಲಿ ಬಲಕ್ಕೇ ಹೊಡೆಯುತ್ತಾನೆ. ಅಷ್ಟಾದರೂ ಕೋಚ್‌ಗೆ ಅನುಕೂಲವೇ. ಪ್ರತಿಸಲ ಒಂದೇ ತಪ್ಪು ಮಾಡುವವನನ್ನು ತಿದ್ದುವುದು ಸುಲಭ.

ಪ್ರಸಂಗವಶಾತ್ ಒಂದು ಮಾತು: ಗ್ರೀನ್ ಸುತ್ತಲಿನ ಸಣ್ಣ ಹೊಡೆತಕ್ಕೂ ಪಟ್‌ಗೂ ಈ ಮೂರರ ಲೆಕ್ಕ ಹಾಕಬೇಡಿ. ಅಲ್ಲಿ ಎರಡಕ್ಕೆ ಒಂದು ಸರಿಹೋಗುತ್ತದೆ, ಟೂರ್ ಟೆಂಪೋ ಕೂಡ ಅದಕ್ಕೆ ಬೇರೆ ಸದ್ದನ್ನೇ ಕೊಡುತ್ತದೆ.

ಆಪ್ ಕೊಳ್ಳುವ ಮೊದಲು ಗೆಳೆಯರ ಕೈಗೆ ಫೋನ್ ಕೊಟ್ಟು, ಬೆಳಕು ಚೆನ್ನಾಗಿರುವಾಗ, 240 ಫ್ರೇಮ್‌ನಲ್ಲಿ ನಿಮ್ಮ ಹತ್ತು ಹೊಡೆತಗಳನ್ನು ಪಕ್ಕದಿಂದ ಹಿಡಿಸಿ ಎಣಿಸಿ ನೋಡಿ. ಹತ್ತೂ ಒಂದೇ ಕಾಲದಲ್ಲಿ ಬಂದು, ಪ್ರಮಾಣ ಮೂರರ ಹತ್ತಿರವಿದ್ದರೆ ನಿಮಗೆ ಆಪ್ ಬೇಡ. ಆ ಹಣವನ್ನು ಹಿಡಿತ ತಿದ್ದುವ ಕೋಚ್‌ಗೆ ಕೊಡಿ. ಹತ್ತೂ ಹತ್ತು ಬಗೆಯಾಗಿದ್ದರೆ 27/9ರ ಸದ್ದಿನಿಂದ ಶುರುಮಾಡಿ, ಅಂಕ ತೋರಿಸುವ ಪರದೆಯನ್ನು ಮುಚ್ಚಿಡಿ.