ಒಂದು ಮಗು, ಹಲವು ಬಾಗಿಲು

ಹೊರನಾಡ ಕನ್ನಡಿಗರೆಂದರೆ ಊರಿನವರಿಗೆ ನೆನಪಾಗುವುದು ಹೋಟೆಲಿನವರು, ಬ್ಯಾಂಕಿನವರು, ಸಾಫ್ಟ್‌ವೇರಿನವರು. ನಾನಿರುವ ಪುಣೆಯಲ್ಲಿ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ ಹಾಕಿಕೊಂಡಿರುವ ಕಲಬುರಗಿ, ಯಾದಗಿರಿ ಕಡೆಯ ಕನ್ನಡಿಗರು ಯಾರ ನೆನಪಿಗೂ ಬರುವುದಿಲ್ಲ. ಅವರ ಮಕ್ಕಳು ಮರಳಿನ ರಾಶಿಯ ಮೇಲೆ ಆಡಿಕೊಂಡಿರುತ್ತವೆ. ಆ ಮಕ್ಕಳು ಯಾರ ಹೊಣೆ?

ವ್ಯವಸ್ಥೆಯೇ ಇಲ್ಲ ಅನ್ನುವಂತಿಲ್ಲ. 1975ರ ಅಕ್ಟೋಬರ್ 2ರಂದು ಶುರುವಾದ ಐಸಿಡಿಎಸ್ ಯೋಜನೆ ಆರು ಸೇವೆಗಳನ್ನು ಹೇಳಿತು: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಪೋಷಣೆ ಮತ್ತು ಆರೋಗ್ಯದ ತಿಳಿವಳಿಕೆ, ಲಸಿಕೆ, ಆರೋಗ್ಯ ತಪಾಸಣೆ, ಬೇಕಾದರೆ ಆಸ್ಪತ್ರೆಗೆ ಕಳಿಸುವುದು. ಇವುಗಳಲ್ಲಿ ಕೊನೆಯ ಮೂರಕ್ಕೆ ಆರೋಗ್ಯ ಇಲಾಖೆ ಕೈಜೋಡಿಸಬೇಕು. ಅಂದರೆ ಮೊದಲ ದಿನದಿಂದಲೇ ಇದು ಒಬ್ಬರ ಕೆಲಸವಲ್ಲ. 1996ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪ್ರಯೋಗವಾಗಿ ಮಕ್ಕಳ ಸಹಾಯವಾಣಿ 1098 ಬಂತು. 2015ರ ಬಾಲನ್ಯಾಯ ಕಾಯ್ದೆಯಂತೆ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು.

ಇಷ್ಟಿದ್ದೂ ಏನಾಗುತ್ತದೆ? ಮರಾಠಿ ಬಾರದ ಒಬ್ಬ ತಾಯಿಗೆ ದುಭಾಷಿಯಾಗಿ ಓಡಾಡಿದ್ದೆ. ಮಗುವಿನ ತೂಕ ಕಡಿಮೆ. ಒಂದು ಕಡೆ ದವಾಖಾನೆಗೆ ಹೋಗಿ ಅಂದರು, ದವಾಖಾನೆಯಲ್ಲಿ ಊರಿನ ತಾಯಿ ಕಾರ್ಡು ಕೇಳಿದರು, ಕಾರ್ಡು ಊರಲ್ಲಿತ್ತು. ಯಾರೂ ಗದರಿಸಲಿಲ್ಲ, ಯಾರೂ ಲಂಚ ಕೇಳಲಿಲ್ಲ. ಆಕೆ ಅಂದದ್ದು ಇಷ್ಟೇ: "ಸಾಹೇಬ್ರೇ, ಎಲ್ಲರೂ ಛಲೋನೇ ಮಾತಾಡ್ತಾರ್ರಿ. ಖರೆ, ಎಲ್ಲರೂ ಮುಂದಿನ ಬಾಗ್ಲಾನೇ ತೋರಸ್ತಾರ್ರಿ."

ಪ್ರತಿಯೊಬ್ಬರೂ ತಮ್ಮ ಪಾಲಿನ ಕರ್ತವ್ಯ ಮಾಡಿದ್ದರು. ಆದರೂ ಮಗುವಿಗೆ ಏನೂ ಸಿಕ್ಕಿರಲಿಲ್ಲ. ಇಲ್ಲೇ ನೈತಿಕ ಪ್ರಶ್ನೆ ಇರೋದು. ನಾಲ್ವರು ಹೊಣೆ ಹೊತ್ತರೆ ಒಬ್ಬೊಬ್ಬರದು ಕಾಲುಭಾಗವೋ, ಪೂರ್ತಿಯೋ?

ಬ್ಯಾಂಕಿನವನಾದ ನನಗೆ ಇದಕ್ಕೊಂದು ಉತ್ತರ ಗೊತ್ತು. ನಾಲ್ವರು ಕೂಡಿ ಸಾಲದ ಪತ್ರಕ್ಕೆ ಸಹಿ ಹಾಕಿದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಯಾರೊಬ್ಬರಿಂದಲಾದರೂ ಇಡೀ ಮೊತ್ತ ಕೇಳಬಹುದು. 1872ರ ಕರಾರು ಕಾಯ್ದೆಯ 43ನೇ ಕಲಮು ಹೇಳುವುದು ಇದನ್ನೇ. ಕಟ್ಟಿದವನು ಆಮೇಲೆ ಉಳಿದವರಿಂದ ಅವರವರ ಪಾಲು ವಸೂಲು ಮಾಡಿಕೊಳ್ಳಲಿ. ಸಾಲ ಕೊಟ್ಟವನು ಅಲೆಯಬೇಕಾಗಿಲ್ಲ. ದುಡ್ಡಿನ ವಿಷಯದಲ್ಲಿ ಇಷ್ಟು ನ್ಯಾಯ ಕಂಡುಕೊಂಡ ನಾವು ಕೂಸಿನ ವಿಷಯದಲ್ಲಿ ಮಾತ್ರ ಅಲೆಯುವ ಕೆಲಸವನ್ನು ತಾಯಿಗೇ ಬಿಟ್ಟಿದ್ದೇವೆ. ಆಕೆಗಾದರೋ ಒಂದು ದಿನ ಅಲೆದರೆ ಒಂದು ದಿನದ ಕೂಲಿ ಹೋಯಿತು.

ಹಾಗಾದರೆ ಎಲ್ಲ ಇಲಾಖೆಗಳೂ ಒಂದಾಗಿ ಕುಟುಂಬದ ಎಲ್ಲ ವಿವರ ಹಂಚಿಕೊಳ್ಳಲಿ ಎನ್ನೋಣವೇ? ಅಲ್ಲೂ ಒಂದು ಅಪಾಯವಿದೆ. ಬಡವರಿಗೆ ಸರಕಾರಿ ಪುಸ್ತಕ ಕಂಡರೆ ಭಯ. "ಮಗೂನ್ನ ತಗೊಂಡು ಹೋಗ್ತಾರೇನೋ" ಎಂಬ ಅಳುಕು. ಈ ಅಳುಕನ್ನು ಕಾಯ್ದೆಯೂ ಬಲ್ಲದು. ಮಗುವಿನ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ, ಮಗುವಿನ ವಿಷಯ ಗುಟ್ಟಾಗಿರಬೇಕು ಎಂದು ಬಾಲನ್ಯಾಯ ಕಾಯ್ದೆಯ 3ನೇ ಕಲಮಿನಲ್ಲಿದೆ. ಆದ್ದರಿಂದ ಕೂಡಿ ಕೆಲಸ ಮಾಡುವುದೆಂದರೆ ಕುಟುಂಬದ ಮೇಲೆ ನಾಲ್ಕು ಕಣ್ಣು ಇಡುವುದಲ್ಲ, ಮಗುವನ್ನು ಕೈಯಿಂದ ಕೈಗೆ ದಾಟಿಸುವುದು. ಚೀಟಿ ಬರೆದು ಕಳಿಸಿದವರು ಸಂಜೆ ಒಂದು ಫೋನು ಮಾಡಿ "ಅವರು ಬಂದರಾ?" ಎಂದು ಕೇಳುವುದು. ತಲುಪಿತು ಎಂಬ ಉತ್ತರ ಬರುವ ತನಕ ಕಳಿಸಿದವರ ಹೊಣೆ ತೀರುವುದಿಲ್ಲ.

ಊರಿನಲ್ಲಿರುವ ನಿಮಗೂ ಇದರಲ್ಲಿ ಪಾಲಿದೆ. ದುಡಿಯಲು ಹೊರಟ ಕುಟುಂಬದ ಹೆಸರು ಪಟ್ಟಿಯಿಂದ ತೆಗೆಯುವ ಮುನ್ನ ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿ, ತಾಯಿ ಕಾರ್ಡು ಗಂಟಿನಲ್ಲಿ ಇಟ್ಟುಕೊಳ್ಳಲು ಹೇಳಿ. ಇಲ್ಲಿರುವ ನಾವು ಭಾಷೆ ಗೊತ್ತಿಲ್ಲದವರ ಜೊತೆ ಒಂದು ಬಾಗಿಲಿನ ತನಕ ಹೋಗಬಹುದು. ಮಗು ಗಡಿ ದಾಟಿದ ಮಾತ್ರಕ್ಕೆ ಅದರ ಹಸಿವಿನ ರಾಜ್ಯ ಬದಲಾಗುವುದಿಲ್ಲವಲ್ಲ.